ಪರದೇಶದ ವ್ಯಾಪಾರವಿದ್ಯಾಲಯಕ್ಕೆ ಅರ್ಜಿ



ವ್ಯಾಪಾರವನ್ನು ಶಾಲೆಯಲ್ಲಿ ಕಲಿಯಲು ಸಾಧ್ಯವೇ ಎಂದು ನಮ್ಮ ಹಿರಿಯರನ್ನು ಕೇಳಿದ್ದರೆ ಅವರು ನಕ್ಕು ಸುಮ್ಮನಾಗುತ್ತಿದ್ದರೋ ಏನೋ. ಅಂಗಡಿಯ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಕುಳಿತು, ತಂದೆಯ ಅಥವಾ ಸೋದರಮಾವನ ಕಣ್ಸನ್ನೆಯನ್ನು ಗಮನಿಸುತ್ತ, ತೂಕ, ಬೆಲೆ, ಬಾಕಿಗಳನ್ನು ಬಾಯಿಪಾಠ ಮಾಡುತ್ತ ಬೆಳೆಯುವುದೇ ಅವರ ಪಾಲಿಗೆ ವ್ಯಾಪಾರದ ವಿದ್ಯಾಭ್ಯಾಸವಾಗಿತ್ತು. ಇಂದು ಕಾಲ ಬೇರೆಯಾಗಿದೆ. ಪದವಿ ಪಡೆದು ಮೂರು ನಾಲ್ಕು ವರ್ಷ ಕೆಲಸಮಾಡಿದ ನಮ್ಮ ತರುಣ ತರುಣಿಯರು ಅಮೆರಿಕದ, ಇಂಗ್ಲೆಂಡಿನ, ಫ್ರಾನ್ಸಿನ ವ್ಯಾಪಾರವಿದ್ಯಾಲಯಗಳಿಗೆ ಪ್ರತಿವರ್ಷವೂ ಅರ್ಜಿ ಸಲ್ಲಿಸುತ್ತಿದ್ದಾರೆ. ಆ ಅರ್ಜಿಯೆಂದರೇನು, ಅದನ್ನು ಓದುವವರು ಅದರಲ್ಲಿ ಏನನ್ನು ಅರಸುತ್ತಾರೆ, ಅದರ ಹಿಂದೆ ಒಂದು ಮನೆತನವು ಹೊರಬೇಕಾದ ಭಾರವೆಷ್ಟು, ಯಾರು ಹೋಗತಕ್ಕುದು, ಯಾರು ಹೋಗದಿದ್ದರೂ ನಷ್ಟವಿಲ್ಲ—ಈ ಪ್ರಶ್ನೆಗಳನ್ನು ಇಂದು ಸ್ವಲ್ಪ ವಿಚಾರಮಾಡೋಣ.

ಈ ವಿಚಾರಕ್ಕೆ ನೆಲೆಯಾಗಿ ನಾನು ಒಂದು ಊರನ್ನು ಆರಿಸಿಕೊಂಡಿದ್ದೇನೆ. ಕುಂದಾಪುರಕ್ಕೆ ಮೂಡಲಲ್ಲಿ, ವಾರಾಹಿ ಹೊಳೆಯ ದಡದಲ್ಲಿರುವ ಬಸ್ರೂರು ಅದು. ಈಗ ನೋಡಿದವರಿಗೆ ಅದು ತೆಂಗು ಅಡಕೆಗಳ ನೆರಳಿನಲ್ಲಿ ಹಳೆಯ ದೇವಾಲಯಗಳನ್ನು ಇಟ್ಟುಕೊಂಡಿರುವ ಪ್ರಶಾಂತವಾದ ಗ್ರಾಮ. ಆದರೆ ವಿಜಯನಗರದ ಕಾಲದಲ್ಲಿ ಅದು ಪಶ್ಚಿಮ ಕರಾವಳಿಯ ದೊಡ್ಡ ರೇವುಪಟ್ಟಣಗಳಲ್ಲಿ ಒಂದು. ಪೋರ್ಚುಗೀಸರು ಅದನ್ನು ಬಾರ್ಸೆಲೋರ್ ಎಂದು ಕರೆದರು. ಅಲ್ಲಿಂದ ಹೊರಟ ಅಕ್ಕಿ ಗೋವೆಗೂ, ಸಮುದ್ರದಾಚೆಯ ಓರ್ಮುಜ್, ಮಸ್ಕತ್‌ಗಳಿಗೂ ಹೋಗುತ್ತಿತ್ತು. ಆ ಅಕ್ಕಿಯ ಮೇಲಿನ ಆಸೆಯಿಂದಲೇ ಪೋರ್ಚುಗೀಸರು ೧೫೬೯ರಲ್ಲಿ ಅಲ್ಲಿಗೆ ಸೈನ್ಯ ತಂದರು. ಅದರ ಸಿರಿಯ ಸುದ್ದಿಯನ್ನು ಕೇಳಿಯೇ ೧೬೬೫ರಲ್ಲಿ ಶಿವಾಜಿ ಮಹಾರಾಜರು ಹಡಗುಗಳಲ್ಲಿ ಬಂದು ಅದರ ಮೇಲೆ ಬಿದ್ದರು. ೧೯೮೪ರಲ್ಲಿ ಇತಿಹಾಸಜ್ಞರಾದ ಸಂಜಯ್ ಸುಬ್ರಹ್ಮಣ್ಯಂ ಅವರು ಬಸ್ರೂರಿನ ಅಕ್ಕಿಯ ವ್ಯಾಪಾರವನ್ನೇ ವಿಷಯವಾಗಿ ಇಟ್ಟುಕೊಂಡು ಒಂದು ವಿದ್ವತ್ಪ್ರಬಂಧವನ್ನು ಪ್ರಕಟಿಸಿದರು.

ಆ ಊರಿನ ಶಾಸನಗಳಲ್ಲಿ ಮೂಡುಕೇರಿ ಪಡುಕೇರಿಗಳ ಸೆಟ್ಟಿಕಾರರ ಹೆಸರು ಬರುತ್ತದೆ. ಇವರು ಒಬ್ಬೊಬ್ಬರಾಗಿ ವ್ಯಾಪಾರ ಮಾಡುತ್ತಿದ್ದರೂ ಊರಿನ ವಿಷಯದಲ್ಲಿ ಒಂದು ಸಂಘವಾಗಿ ನಿಲ್ಲುತ್ತಿದ್ದರು. ಇಂಥ ಪೇಟೆಗೆ ಹೊರಗಿನಿಂದ ಹೊಸ ವರ್ತಕನೊಬ್ಬ ಬಂದು ಸರಕನ್ನು ಸಾಲವಾಗಿ ಕೇಳಿದರೆ, ಯಾವ ಕಾಲದಲ್ಲಿಯೇ ಆಗಲಿ, ಯಾವ ದೇಶದಲ್ಲಿಯೇ ಆಗಲಿ, ಅವನನ್ನು ಮೂರು ಮಾತು ಕೇಳದೆ ಬಿಡುವುದಿಲ್ಲ. ಇದುವರೆಗೆ ಏನು ವ್ಯವಹಾರ ನಡೆಸಿದ್ದೀಯೆ? ನಿನ್ನನ್ನು ಬಲ್ಲವರು ಯಾರು? ನಮ್ಮ ಪೇಟೆಗೆ ನೀನು ತರುವುದೇನು? ಪರದೇಶದ ವ್ಯಾಪಾರವಿದ್ಯಾಲಯದ ಅರ್ಜಿಯಲ್ಲಿ ಕಾಗದಗಳು ಎಷ್ಟೇ ಇರಲಿ, ಪ್ರಶ್ನೆಗಳು ಎಷ್ಟೇ ಇರಲಿ, ಅವೆಲ್ಲದರ ತಿರುಳು ಈ ಮೂರೇ. ಈ ಮಾತನ್ನು ಮನಸ್ಸಿನಲ್ಲಿ ಇಟ್ಟುಕೊಂಡರೆ ಅರ್ಜಿಯ ಅರ್ಧ ಭಯ ಹೋಗುತ್ತದೆ.

ಈ ವಿದ್ಯಾಲಯಗಳು ಹುಟ್ಟಿದ ಬಗೆಯನ್ನು ಸಂಗ್ರಹವಾಗಿ ಹೇಳುತ್ತೇನೆ. ಅಮೆರಿಕದ ಪೆನ್ಸಿಲ್ವೇನಿಯ ವಿಶ್ವವಿದ್ಯಾನಿಲಯದಲ್ಲಿ ೧೮೮೧ರಲ್ಲಿ ವಾರ್ಟನ್ ಶಾಲೆ ಆರಂಭವಾಯಿತು. ಹಾರ್ವರ್ಡ್ ವಿಶ್ವವಿದ್ಯಾನಿಲಯವು ೧೯೦೮ರಲ್ಲಿ ತನ್ನ ವ್ಯಾಪಾರವಿದ್ಯಾಲಯವನ್ನು ತೆರೆದು, ಇಂದು ಎಂ.ಬಿ.ಎ. ಎಂದು ಹೆಸರಾದ ಪದವಿಗೆ ದಾರಿಮಾಡಿತು. ಮುಂಬಯಿಯ ಸಿಡೆನ್‌ಹ್ಯಾಂ ವಾಣಿಜ್ಯ ಕಾಲೇಜು ೧೯೧೩ರದು. ಫ್ರಾನ್ಸಿನ ಇನ್ಸಿಯಾಡ್ ೧೯೫೭ರಲ್ಲಿಯೂ, ಲಂಡನ್ ಬಿಸಿನೆಸ್ ಸ್ಕೂಲ್ ೧೯೬೪ರಲ್ಲಿಯೂ ಸ್ಥಾಪಿತವಾದುವು. ನಮ್ಮ ದೇಶದಲ್ಲಿ ಕಲ್ಕತ್ತ ಮತ್ತು ಅಹಮದಾಬಾದುಗಳ ಐ.ಐ.ಎಂ.ಗಳು ೧೯೬೧ರಲ್ಲಿ, ಬೆಂಗಳೂರಿನದು ೧೯೭೩ರಲ್ಲಿ ಹುಟ್ಟಿದುವು. ಮಣಿಪಾಲದಲ್ಲಿ ಟಿ. ಎ. ಪೈ ಅವರು ಕಟ್ಟಿದ ವ್ಯವಹಾರಾಡಳಿತದ ಸಂಸ್ಥೆ ೧೯೮೦ರದು.

ಹೀಗೆ ಶಾಲೆಗಳು ಹುಟ್ಟುತ್ತಿದ್ದ ಕಾಲದಲ್ಲಿ ನಮ್ಮ ಕರಾವಳಿಯು ಶಾಲೆಯಿಲ್ಲದೆಯೇ ಬ್ಯಾಂಕುಗಳನ್ನು ಕಟ್ಟುತ್ತಿತ್ತು ಎಂಬುದನ್ನು ಮರೆಯಲಾಗದು. ೧೯೦೬ರ ಒಂದೇ ವರ್ಷದಲ್ಲಿ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಮುಂದೆ ಕಾರ್ಪೊರೇಷನ್ ಬ್ಯಾಂಕಾದ ಸಂಸ್ಥೆಯನ್ನೂ, ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಮುಂದೆ ಕೆನರಾ ಬ್ಯಾಂಕಾದ ನಿಧಿಯನ್ನೂ ಆರಂಭಿಸಿದರು. ೧೯೨೫ರಲ್ಲಿ ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು ೧೯೨೮ರಲ್ಲಿ ಪಿಗ್ಮಿ ಠೇವಣಿಯೆಂಬ ಯೋಜನೆಯನ್ನು ತಂದಿತು. ಅದರ ಪ್ರತಿನಿಧಿ ದಿನದಿನವೂ ಮನೆಬಾಗಿಲಿಗೆ ಬಂದು ಎರಡಾಣೆಯಷ್ಟು ಚಿಕ್ಕ ಮೊತ್ತವನ್ನೂ ಕೂಡಿಸಿಕೊಂಡು ಹೋಗುತ್ತಿದ್ದನು. ಈ ಬ್ಯಾಂಕುಗಳಲ್ಲಿ ಕೆಲವು ಈಗ ಬೇರೆ ಹೆಸರಿನೊಳಗೆ ಸೇರಿಹೋಗಿವೆ: ೨೦೨೦ರ ಏಪ್ರಿಲ್ ೧ರಂದು ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿಯೂ, ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿನಲ್ಲಿಯೂ ವಿಲೀನವಾದುವು. ಆದರೆ ಎರಡಾಣೆಯ ಉಳಿತಾಯವನ್ನು ಬಂಡವಾಳವಾಗಿ ಮಾಡಿದ ಆ ಬುದ್ಧಿ ಈ ನೆಲದ್ದು. ಹೊರನಾಡಿನ ಶಾಲೆಗೆ ಅರ್ಜಿ ಬರೆಯುವ ಇಲ್ಲಿಯ ತರುಣನು ಬರಿಗೈಯಲ್ಲಿ ಹೋಗುತ್ತಿಲ್ಲವೆಂಬುದನ್ನು ತಿಳಿಸುವುದಕ್ಕಾಗಿ ಇಷ್ಟನ್ನು ಹೇಳಬೇಕಾಯಿತು.

ಇನ್ನು ಅರ್ಜಿಯ ಮಾತು. ನಮ್ಮಲ್ಲಿ ಪ್ರವೇಶವೆಂದರೆ ಅಂಕಗಳ ಪಟ್ಟಿ. ಮೇಲಿನವನಿಗೆ ಸ್ಥಾನ ಉಂಟು, ಕೆಳಗಿನವನಿಗೆ ಇಲ್ಲ. ಈ ಅಭ್ಯಾಸವಿರುವವರಿಗೆ ಪರದೇಶದ ಪದ್ಧತಿ ಮೊದಲು ಅನ್ಯಾಯವಾಗಿ ತೋರುತ್ತದೆ. ಅಲ್ಲಿ ಅಂಕವು ಹೆಬ್ಬಾಗಿಲನ್ನು ದಾಟಿಸುತ್ತದೆ. ಒಳಗಿನ ಆಸನವನ್ನು ಕೊಡುವುದಿಲ್ಲ. ಹಾರ್ವರ್ಡಿಗೆ ಇತ್ತೀಚಿನ ವರ್ಷಗಳಲ್ಲಿ ಒಂಬತ್ತು ಹತ್ತು ಸಾವಿರದಷ್ಟು ಅರ್ಜಿಗಳು ಬಂದರೆ, ತರಗತಿಗೆ ಸೇರುವವರು ೯೦೦ಕ್ಕಿಂತ ಸ್ವಲ್ಪ ಹೆಚ್ಚು. ಸ್ಟ್ಯಾನ್‌ಫರ್ಡಿನ ತರಗತಿಯಂತೂ ಅದರ ಅರ್ಧಕ್ಕಿಂತಲೂ ಚಿಕ್ಕದು. ಅಲ್ಲಿ ನೂರು ಅರ್ಜಿಗಳಲ್ಲಿ ಒಪ್ಪಿಗೆ ದೊರೆಯುವುದು ಹತ್ತಕ್ಕೂ ಕಡಮೆ. ಉತ್ತಮ ಅಂಕ ಪಡೆದವರೇ ಅಷ್ಟು ಮಂದಿ ಬಂದು ನಿಂತಾಗ, ಆರಿಸುವವರು ಅಂಕವನ್ನು ಬಿಟ್ಟು ಬೇರೆ ಗುಣಗಳನ್ನು ನೋಡಲೇಬೇಕಾಗುತ್ತದೆ.

ಆದರೂ ಹೆಬ್ಬಾಗಿಲನ್ನು ದಾಟಲೇಬೇಕಷ್ಟೆ. ೧೯೫೪ರಲ್ಲಿ ಮೊದಲು ನಡೆದ ಜಿಮ್ಯಾಟ್ ಎಂಬ ಪರೀಕ್ಷೆ ಇದಕ್ಕೆ ಸಾಮಾನ್ಯವಾದ ಮಾರ್ಗ. ಇದರ ಹೊಸ ರೂಪ ೨೦೨೩ರ ಕೊನೆಯಲ್ಲಿ ಬಂದಿತು. ಗಣಿತ, ಭಾಷೆ, ಅಂಕಿ ಅಂಶಗಳ ವಿವೇಚನೆ ಎಂಬ ಮೂರು ಭಾಗಗಳು. ಭಾಗವೊಂದಕ್ಕೆ ೪೫ ನಿಮಿಷ. ಒಟ್ಟು ೬೪ ಪ್ರಶ್ನೆಗಳು. ಅಂಕಗಳು ೨೦೫ರಿಂದ ೮೦೫ರವರೆಗೆ. ಒಮ್ಮೆ ಪಡೆದ ಅಂಕ ಐದು ವರ್ಷ ಸಲ್ಲುತ್ತದೆ. ಇದರ ಬದಲು ಜಿ.ಆರ್.ಇ. ಎಂಬ ಪರೀಕ್ಷೆಯನ್ನೂ ಬಹುತೇಕ ಶಾಲೆಗಳು ಒಪ್ಪುತ್ತವೆ. ಜಿಮ್ಯಾಟ್‌ನ ಗಣಿತದ ಭಾಗದಲ್ಲಿ ಗಣನಯಂತ್ರಕ್ಕೆ ಅವಕಾಶವಿಲ್ಲ. ಅಂಗಡಿಯಲ್ಲಿ ಬಾಯಿಲೆಕ್ಕ ಮಾಡಿ ಬೆಳೆದವರಿಗೆ ಇದರಿಂದ ತೊಂದರೆಯಾಗಲಾರದು. ನಮ್ಮ ವಿದ್ಯಾರ್ಥಿಗಳಿಗೆ ಕಷ್ಟವಾಗುವುದು ಭಾಷೆಯ ಭಾಗ. ಅದಕ್ಕೆ ಪದಕೋಶವನ್ನು ಉರುಹೊಡೆದು ಫಲವಿಲ್ಲ. ಒಂದು ವಾದವನ್ನು ಓದಿ, ಅದು ಯಾವ ಊಹೆಯ ಮೇಲೆ ನಿಂತಿದೆಯೆಂಬುದನ್ನು ಕಂಡುಹಿಡಿಯುವ ಅಭ್ಯಾಸ ಬೇಕು. ಪದವಿಯ ವಿಷಯದಲ್ಲಿಯೂ ಒಂದು ಎಚ್ಚರಿಕೆ: ನಮ್ಮ ಮೂರು ವರ್ಷಗಳ ಬಿ.ಕಾಂ., ಬಿ.ಎ.ಗಳನ್ನು ಹಾರ್ವರ್ಡ್ ಮೊದಲಾದುವು ಒಪ್ಪುತ್ತವೆ. ಎಲ್ಲ ಶಾಲೆಗಳ ನಿಯಮವೂ ಒಂದೇ ಅಲ್ಲ. ಶುಲ್ಕ ಕಟ್ಟುವುದಕ್ಕೆ ಮುಂಚೆ ಆಯಾ ಶಾಲೆಯ ನಿಯಮವನ್ನು ಓದಿಕೊಳ್ಳುವುದು ಲೇಸು.

ಹೆಬ್ಬಾಗಿಲನ್ನು ದಾಟಿದ ಮೇಲೆ ಬರುವುದು ಮೊದಲನೆಯ ಪ್ರಶ್ನೆ: ಇದುವರೆಗೆ ಏನು ಮಾಡಿದ್ದೀಯೆ? ಇದಕ್ಕೆ ಉತ್ತರ ಪ್ರಬಂಧಗಳಲ್ಲಿರುತ್ತದೆ. ಹಾರ್ವರ್ಡ್ ೨೦೨೪ರಲ್ಲಿ ತನ್ನ ಒಂದು ದೀರ್ಘ ಪ್ರಬಂಧವನ್ನು ಬಿಟ್ಟು ಮೂರು ಚಿಕ್ಕ ಪ್ರಬಂಧಗಳನ್ನು ಕೇಳಿತು: ಒಂದು ವ್ಯಾಪಾರದ ದೃಷ್ಟಿಯನ್ನು ಕುರಿತು, ಒಂದು ನಾಯಕತ್ವವನ್ನು ಕುರಿತು, ಒಂದು ಕುತೂಹಲದಿಂದ ಬೆಳೆದ ಬಗೆಯನ್ನು ಕುರಿತು. ಮೂರೂ ಸೇರಿ ೮೦೦ ಪದಗಳನ್ನು ಮೀರುವಂತಿಲ್ಲ. ಒಂದು ಜೀವನವನ್ನು ಇಷ್ಟರಲ್ಲಿ ಹೇಳಬೇಕೆಂದಾಗ, ಏನನ್ನು ಹೇಳಬೇಕೆಂಬುದಕ್ಕಿಂತ ಏನನ್ನು ಬಿಡಬೇಕೆಂಬುದೇ ದೊಡ್ಡ ಪ್ರಶ್ನೆಯಾಗುತ್ತದೆ.

ಒಂದು ಉದಾಹರಣೆಯನ್ನು ಊಹಿಸಿಕೊಳ್ಳೋಣ. ಬಸ್ರೂರಿನ ಒಬ್ಬ ಹುಡುಗಿ. ತಂದೆಗೆ ಒಂದು ದಿನಸಿಯ ಅಂಗಡಿ. ಕುಂದಾಪುರದಲ್ಲಿ ಬಿ.ಕಾಂ. ಮುಗಿಸಿ ನಾಲ್ಕು ವರ್ಷದಿಂದ ಒಂದು ಗೇರುಬೀಜದ ಕಾರ್ಖಾನೆಯಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದಾಳೆ. ಅವಳು ಪ್ರಬಂಧದ ಮೊದಲ ಕರಡನ್ನು ಹೇಗೆ ಬರೆಯುತ್ತಾಳೆಂಬುದನ್ನು ಊಹಿಸುವುದು ಕಷ್ಟವಲ್ಲ. ಬಾಲ್ಯದಿಂದಲೂ ತನಗೆ ನಾಯಕತ್ವದಲ್ಲಿ ಅಭಿರುಚಿಯೆಂದೂ, ಜಗತ್ತಿನ ವಾಣಿಜ್ಯದಲ್ಲಿ ಮಹತ್ತರವಾದ ಪರಿವರ್ತನೆಯನ್ನು ತರುವುದು ತನ್ನ ಧ್ಯೇಯವೆಂದೂ, ತಮ್ಮ ಸುಪ್ರಸಿದ್ಧ ವಿದ್ಯಾಲಯವು ಆ ಧ್ಯೇಯಕ್ಕೆ ಮೆಟ್ಟಿಲಾಗುವುದೆಂದೂ ಬರೆಯುತ್ತಾಳೆ. ಇದರಲ್ಲಿ ಸುಳ್ಳೇನೂ ಇಲ್ಲದಿರಬಹುದು; ಆದರೆ ಅವಳೂ ಇದರಲ್ಲಿಲ್ಲ. ಇದೇ ವಾಕ್ಯಗಳನ್ನು ಕಾನಪುರದವನೂ ಕೊರಿಯದವನೂ ಬರೆದಿರುತ್ತಾನೆ. ದಿನಕ್ಕೆ ಹತ್ತಾರು ಅರ್ಜಿಗಳನ್ನು ಓದುವ ಸಮಿತಿಗೆ ಇದು ಊಟವಿಲ್ಲದೆ ಬಡಿಸಿದ ಉಪ್ಪಿನಕಾಯಿ.

ಅವಳ ಕೈಯಲ್ಲಿ ನಿಜವಾಗಿ ಇರುವುದನ್ನು ನೋಡಿ. ಆಫ್ರಿಕದಿಂದ ಬರುವ ಗೇರುಬೀಜವನ್ನು ಮೂಟೆಯ ತೂಕಕ್ಕೆ ಹಣ ಕೊಟ್ಟು ಕೊಳ್ಳುತ್ತಾರೆ. ಬೀಜದಲ್ಲಿ ತೇವ ಹೆಚ್ಚಿದ್ದರೆ ಒಣಗಿದ ಮೇಲೆ ತೂಕ ಇಳಿಯುತ್ತದೆ. ಹುಳುಕಿದ್ದರೆ ತಿರುಳು ಇಳಿಯುತ್ತದೆ. ಎಂಬತ್ತು ಕಿಲೋ ಮೂಟೆಯೊಂದರಿಂದ ಎಷ್ಟು ಪೌಂಡು ತಿರುಳು ಹೊರಡುತ್ತದೆಂಬುದೇ ಈ ವ್ಯಾಪಾರದ ಪ್ರಾಣ. ಒಂದು ಪೌಂಡಿಗೆ ಎಷ್ಟು ಇಡಿಯ ತಿರುಳು ಹಿಡಿಯುತ್ತದೆಂಬುದರ ಮೇಲೆ ದರ್ಜೆ, ದರ್ಜೆಯ ಮೇಲೆ ಬೆಲೆ. ನಮ್ಮ ಹುಡುಗಿ ಸರಕು ಸರಕಿಗೂ ಪ್ರತ್ಯೇಕವಾದ ಪುಸ್ತಕವನ್ನಿಟ್ಟು, ಕೊಳ್ಳುವ ಮೊದಲೇ ಮಾದರಿಯ ಬೀಜಗಳನ್ನು ಕತ್ತರಿಸಿ ನೋಡುವ ಪರೀಕ್ಷೆಯನ್ನು ಕಟ್ಟುನಿಟ್ಟಾಗಿ ನಡೆಯಿಸಿದಳೆಂದು ಇಟ್ಟುಕೊಳ್ಳೋಣ. ಮಾಲೀಕರು ಮೊದಲು ಒಪ್ಪಲಿಲ್ಲ. ಹಳೆಯ ದಲ್ಲಾಳಿಯ ಮನಸ್ಸು ನೋಯುವುದೆಂದು ಅವರ ಅಂಜಿಕೆ. ಆರು ತಿಂಗಳ ಲೆಕ್ಕವನ್ನು ಮುಂದಿಟ್ಟ ಮೇಲೆ ಒಪ್ಪಿದರು. ಆಮೇಲೆ ಸಿಪ್ಪೆ ಬಿಡಿಸುವ ಹೆಂಗಸರ ಕೂಲಿಯ ಲೆಕ್ಕವನ್ನು ತಿದ್ದಲು ಹೋಗಿ, ಅವರನ್ನು ಕೇಳದೆಯೇ ಹೊಸ ಕ್ರಮವನ್ನು ತಂದಳು. ಎರಡು ದಿನ ಕೆಲಸ ನಿಂತಿತು. ಮೂರನೆಯ ದಿನ ಅವರ ನಡುವೆ ಕುಳಿತು ಮಾತನಾಡಿ ಕ್ರಮವನ್ನು ಬದಲಿಸಿದಳು. ಇದನ್ನು ಇದ್ದದ್ದು ಇದ್ದಂತೆ ಬರೆದರೆ ವ್ಯಾಪಾರದ ದೃಷ್ಟಿಯೂ ನಾಯಕತ್ವವೂ ಬೆಳವಣಿಗೆಯೂ ಮೂರೂ ಅದರಲ್ಲಿಯೇ ಇವೆ. ಆ ಹೆಸರುಗಳನ್ನು ಅವಳು ಹೇಳಬೇಕಾಗಿಯೇ ಇಲ್ಲ.

ಇಲ್ಲಿಯೇ ನಮ್ಮ ಸಣ್ಣ ಊರುಗಳ ವಿದ್ಯಾವಂತರಲ್ಲಿರುವ ಒಂದು ಸಂಕೋಚವನ್ನು ಹೇಳಬೇಕು. ಗೇರುಬೀಜ, ಹಂಚಿನ ಕಾರ್ಖಾನೆ, ಅಕ್ಕಿಯ ಗಿರಣಿ, ಮುಂಬಯಿಯಲ್ಲಿ ದೊಡ್ಡಪ್ಪ ನಡೆಸುವ ಹೋಟೆಲು—ಇವು ದೊಡ್ಡ ಶಾಲೆಯ ಮುಂದೆ ಹೇಳತಕ್ಕವಲ್ಲವೆಂದು ಅವರು ಭಾವಿಸುತ್ತಾರೆ. ಬೆಂಗಳೂರಿನ ದೊಡ್ಡ ಕಂಪನಿಯ ಹೆಸರಿನ ಮುಂದೆ ತಮ್ಮ ಕೆಲಸ ಸಣ್ಣದೆಂದು ಅಳುಕುತ್ತಾರೆ. ಸತ್ಯಸ್ಥಿತಿ ಬೇರೆ. ದೊಡ್ಡ ಕಂಪನಿಯಲ್ಲಿ ಸಾವಿರ ಜನರೊಡನೆ ಒಬ್ಬನಾಗಿ ದುಡಿದವನು ತಾನೇ ನಿರ್ಧರಿಸಿದ್ದು ಏನೆಂಬುದನ್ನು ತೋರಿಸಲು ಹೆಣಗಬೇಕಾಗುತ್ತದೆ; ಸಣ್ಣ ಕಾರ್ಖಾನೆಯಲ್ಲಿ ದುಡಿದವಳಿಗೆ ತನ್ನ ನಿರ್ಧಾರದ ಫಲವು ಮೂಟೆಯ ಲೆಕ್ಕದಲ್ಲಿಯೇ ಕಾಣುತ್ತದೆ. ಮೇಲಾಗಿ ಆ ಶಾಲೆಗಳು ನಮ್ಮ ನಾಡಿನ ಕೆಲಸವನ್ನು ಕೀಳಾಗಿ ಕಾಣುವುವೆಂಬುದೂ ನಿಜವಲ್ಲ. ದಕ್ಷಿಣ ಕನ್ನಡದ ಕಿನ್ನಿಗೋಳಿಯವರಾದ ಡಾಕ್ಟರ್ ದೇವಿ ಶೆಟ್ಟಿಯವರು ಬೆಂಗಳೂರಿನಲ್ಲಿ ಕಟ್ಟಿದ ನಾರಾಯಣ ಹೃದಯಾಲಯವು ಬಡವರಿಗೆ ಹೃದಯಚಿಕಿತ್ಸೆಯನ್ನು ಒದಗಿಸುವ ಬಗೆಯನ್ನು ಕುರಿತು ಹಾರ್ವರ್ಡ್ ೨೦೦೫ರಲ್ಲಿಯೇ ಒಂದು ಪಾಠಪ್ರಕರಣವನ್ನು ಪ್ರಕಟಿಸಿತು. ಮಂಗಳೂರು ವಿಶ್ವವಿದ್ಯಾನಿಲಯದಿಂದ ೧೯೯೦ರಲ್ಲಿ ಇಂಜಿನಿಯರಿಂಗ್ ಪದವಿ ಪಡೆದ ಸುನಿಲ್ ಕುಮಾರ್ ಅವರು ೨೦೧೧ರಿಂದ ೨೦೧೬ರವರೆಗೆ ಷಿಕಾಗೋ ವಿಶ್ವವಿದ್ಯಾನಿಲಯದ ಬೂತ್ ವ್ಯಾಪಾರವಿದ್ಯಾಲಯದ ಡೀನರಾಗಿದ್ದರು.

ಎರಡನೆಯ ಪ್ರಶ್ನೆ: ನಿನ್ನನ್ನು ಬಲ್ಲವರು ಯಾರು? ಶಿಫಾರಸು ಪತ್ರಗಳ ಉದ್ದೇಶ ಇದು. ಹಾರ್ವರ್ಡ್ ಎರಡು ಪತ್ರಗಳನ್ನು ಕೇಳುತ್ತದೆ. ನಮ್ಮಲ್ಲಿ ಶಿಫಾರಸು ಎಂದೊಡನೆ ಮಂತ್ರಿಗಳೋ ಶಾಸಕರೋ ದೊಡ್ಡ ಅಧಿಕಾರಿಗಳೋ ನೆನಪಿಗೆ ಬರುತ್ತಾರೆ. ಆ ಪತ್ರಗಳಿಗೆ ಅಲ್ಲಿ ಬೆಲೆಯಿಲ್ಲ. ಬಹುಮಂದಿ ಶಾಲೆಗಳು ಒಟ್ಟಾಗಿ ಬಳಸುವ ಪ್ರಶ್ನಾವಳಿಯಲ್ಲಿ ಎರಡು ಮುಖ್ಯವಾದ ಪ್ರಶ್ನೆಗಳಿವೆ. ಇದೇ ಬಗೆಯ ಕೆಲಸ ಮಾಡುವ ಇತರರೊಡನೆ ಹೋಲಿಸಿದರೆ ಅರ್ಜಿದಾರರು ಹೇಗೆ? ನೀವು ಅವರಿಗೆ ತಿದ್ದಿ ಹೇಳಿದ ಅತ್ಯಂತ ಮುಖ್ಯವಾದ ಮಾತು ಯಾವುದು, ಅದನ್ನು ಅವರು ಹೇಗೆ ಸ್ವೀಕರಿಸಿದರು? ಇದಕ್ಕೆ ಉತ್ತರ ಹೇಳಬಲ್ಲವನು ದಿನವೂ ಜೊತೆಯಲ್ಲಿ ಕೆಲಸಮಾಡಿಸಿದವನೇ ಹೊರತು ದೂರದ ದೊಡ್ಡ ಮನುಷ್ಯನಲ್ಲ.

ಇನ್ನೊಂದು ಕಷ್ಟವುಂಟು. ನಮ್ಮ ಮಾಲೀಕರು ಸಜ್ಜನರು, ಕೇಳಿದರೆ ಇಲ್ಲವೆನ್ನುವುದಿಲ್ಲ. ಆದರೆ, “ನನಗೆ ಇಂಗ್ಲಿಷು ಅಷ್ಟಾಗಿ ಬರುವುದಿಲ್ಲ, ನೀನೇ ಬರೆದು ತಾರಮ್ಮ, ನಾನು ರುಜು ಹಾಕುತ್ತೇನೆ” ಎಂದುಬಿಡುತ್ತಾರೆ. ಇದರಲ್ಲಿ ಅವರಿಗೆ ವಂಚನೆಯ ಭಾವನೆ ಎಳ್ಳಷ್ಟೂ ಇಲ್ಲ. ಅರ್ಜಿಯ ದೃಷ್ಟಿಯಿಂದ ಮಾತ್ರ ಇದು ಸುಳ್ಳು ಸಾಕ್ಷಿ. ಶಾಲೆಗಳು ಇದನ್ನು ಸ್ಪಷ್ಟವಾಗಿ ನಿಷೇಧಿಸಿವೆ. ಪ್ರವೇಶ ಕೊಟ್ಟ ಮೇಲೂ ಕಾಗದಗಳನ್ನು ಹೊರಗಿನವರಿಂದ ಪರೀಕ್ಷೆಮಾಡಿಸುತ್ತವೆ. ತಪ್ಪು ಕಂಡರೆ ಕೊಟ್ಟ ಸ್ಥಾನವನ್ನು ಹಿಂತೆಗೆದುಕೊಳ್ಳುತ್ತವೆ. ಇದಕ್ಕೆ ನೇರವಾದ ಪರಿಹಾರವೇ ಇದೆ. ಮಾಲೀಕರ ಬಳಿ ಎರಡು ತಿಂಗಳು ಮೊದಲೇ ಹೋಗಿ, ಪ್ರಶ್ನೆಗಳನ್ನು ಕನ್ನಡದಲ್ಲಿ ವಿವರಿಸಿ, ತಾನು ಮಾಡಿದ ಕೆಲಸಗಳ ದಿನಾಂಕಗಳನ್ನು ಒಂದು ಹಾಳೆಯಲ್ಲಿ ನೆನಪಿಗೆಂದು ಬರೆದುಕೊಟ್ಟು, ಉತ್ತರವನ್ನು ಅವರ ಮಾತಿನಲ್ಲಿಯೇ ಬರೆಯುವಂತೆ ಬೇಡಿಕೊಳ್ಳುವುದು. ವ್ಯಾಕರಣದ ತಪ್ಪಿರುವ ನಿಜವಾದ ಪತ್ರವು ತಪ್ಪಿಲ್ಲದ ಹುಸಿ ಪತ್ರಕ್ಕಿಂತ ಎಷ್ಟೋ ಮೇಲು. ಹಣಕ್ಕೆ ಪ್ರಬಂಧ ಬರೆದುಕೊಡುವವರ ವಿಷಯದಲ್ಲಿಯೂ, ಈಚೆಗೆ ಬಂದಿರುವ ಬರೆಯುವ ಯಂತ್ರಗಳ ವಿಷಯದಲ್ಲಿಯೂ ಇದೇ ಮಾತು. ತಿದ್ದುಪಡಿಗೆ ನೆರವು ಪಡೆಯಬಹುದು. ಬದುಕನ್ನು ಎರವಲು ಪಡೆಯಬಾರದು.

ಮೂರನೆಯ ಪ್ರಶ್ನೆ: ನಮ್ಮ ಪೇಟೆಗೆ ನೀನು ತರುವುದೇನು? ಇದರ ಮರ್ಮ ತಿಳಿಯಬೇಕಾದರೆ ಅಲ್ಲಿಯ ಪಾಠಕ್ರಮವನ್ನು ತಿಳಿಯಬೇಕು. ಹಾರ್ವರ್ಡಿನಲ್ಲಿ ಉಪನ್ಯಾಸ ಕಡಮೆ. ನಿಜವಾಗಿ ನಡೆದ ಒಂದು ವ್ಯವಹಾರದ ವೃತ್ತಾಂತವನ್ನು ವಿದ್ಯಾರ್ಥಿಗಳು ಹಿಂದಿನ ರಾತ್ರಿ ಓದಿಕೊಂಡು ಬರುತ್ತಾರೆ. ಮರುದಿನ ಅಧ್ಯಾಪಕರು ಒಬ್ಬರನ್ನು ಎಬ್ಬಿಸಿ, ಆ ಸ್ಥಾನದಲ್ಲಿ ನೀವಿದ್ದರೆ ಏನು ಮಾಡುತ್ತಿದ್ದಿರಿ ಎಂದು ಕೇಳುತ್ತಾರೆ. ಉಳಿದವರು ಒಪ್ಪುತ್ತಾರೆ, ವಾದಿಸುತ್ತಾರೆ. ಎರಡು ವರ್ಷಗಳಲ್ಲಿ ಇಂಥ ಪ್ರಕರಣಗಳು ನೂರಾರು. ಅಂಥ ತರಗತಿಯಲ್ಲಿ ಸುಮ್ಮನೆ ಕುಳಿತು ಟಿಪ್ಪಣಿ ಬರೆದುಕೊಳ್ಳುವವನಿಂದ ಪಕ್ಕದವನಿಗೆ ಲಾಭವಿಲ್ಲ. ಒಬ್ಬರಿಗೆ ತಿಳಿಯದ್ದನ್ನು ಇನ್ನೊಬ್ಬರು ತಂದರೆ ಮಾತ್ರ ಆ ಪದ್ಧತಿ ನಡೆಯುತ್ತದೆ. ಆದುದರಿಂದಲೇ ಸಂದರ್ಶನ. ಅದು ಆಹ್ವಾನ ಬಂದವರಿಗೆ ಮಾತ್ರ. ಹಾರ್ವರ್ಡಿನದು ಅರ್ಧ ಗಂಟೆ. ಕೇಳುವವರು ಅರ್ಜಿಯನ್ನು ಪೂರ್ತಿಯಾಗಿ ಓದಿಯೇ ಬಂದಿರುತ್ತಾರೆ. ಉರುಹೊಡೆದ ಉತ್ತರ ಅಲ್ಲಿ ಎರಡನೆಯ ಪ್ರಶ್ನೆಗೆ ಮುರಿದುಬೀಳುತ್ತದೆ. ಮೂಟೆಗೆ ಎಷ್ಟು ಪೌಂಡು ತಿರುಳು ಇಳಿಯಿತು, ದಲ್ಲಾಳಿ ಏನೆಂದ, ಹೆಂಗಸರು ಏಕೆ ಕೆಲಸ ನಿಲ್ಲಿಸಿದರು ಎಂದು ಕೇಳಿದರೆ ನಮ್ಮ ಹುಡುಗಿ ತಡವರಿಸಬೇಕಾದ ಕಾರಣವಿಲ್ಲ. ಅವಳು ಕಂಡದ್ದನ್ನು ಅವಳು ಹೇಳುತ್ತಾಳೆ.

ಕಾಲದ ಲೆಕ್ಕವೂ ಮುಖ್ಯ. ಅಮೆರಿಕದ ದೊಡ್ಡ ಶಾಲೆಗಳಲ್ಲಿ ಅರ್ಜಿಗೆ ಮುಖ್ಯವಾದ ಎರಡು ಸರದಿಗಳು: ಸೆಪ್ಟೆಂಬರಿನ ಆರಂಭದ ಹೊತ್ತಿಗೆ ಒಂದು, ಜನವರಿಯ ಆರಂಭದಲ್ಲಿ ಇನ್ನೊಂದು. ಮೊದಲನೆಯದರ ತೀರ್ಮಾನ ಡಿಸೆಂಬರಿನಲ್ಲಿ, ಎರಡನೆಯದರದು ಮಾರ್ಚಿಯ ಸುಮಾರಿಗೆ. ತರಗತಿ ಆರಂಭವಾಗುವುದು ಮುಂದಿನ ಮಳೆಗಾಲದ ಕೊನೆಗೆ. ಸೆಪ್ಟೆಂಬರಿನ ಸರದಿಗೆ ಬರೆಯುವವರು ಯುಗಾದಿಯ ಹೊತ್ತಿಗೆ ಪರೀಕ್ಷೆಯನ್ನು ಮುಗಿಸಿ, ಕಾರ ಹುಣ್ಣಿಮೆಯ ಹೊತ್ತಿಗೆ ಶಿಫಾರಸುದಾರರನ್ನು ಕಂಡು, ಆಷಾಢ ಶ್ರಾವಣಗಳನ್ನು ಪ್ರಬಂಧಕ್ಕೆ ಮೀಸಲಿಟ್ಟರೆ ಅವಸರವಾಗದು. ವಿದ್ಯಾರ್ಥಿವೇತನವನ್ನೂ ವೀಸವನ್ನೂ ನೆಚ್ಚಿರುವವರಿಗೆ ಮೊದಲ ಸರದಿಯೇ ಲೇಸು.

ಈಗ ಹಣದ ಮಾತು. ಇದನ್ನು ಕೊನೆಗೆ ಇಟ್ಟದ್ದು ಚಿಕ್ಕದೆಂದು ಅಲ್ಲ. ಇದರಲ್ಲಿ ಒಬ್ಬರ ಭವಿಷ್ಯ ಮಾತ್ರವಲ್ಲದೆ ಇಡಿಯ ಮನೆಯ ನೆಮ್ಮದಿ ಅಡಗಿದೆಯೆಂದು. ಹಾರ್ವರ್ಡಿನ ಬೋಧನಶುಲ್ಕ ೨೦೨೪–೨೫ರಲ್ಲಿ ವರ್ಷಕ್ಕೆ ೭೬ ಸಾವಿರ ಡಾಲರುಗಳನ್ನು ದಾಟಿತ್ತು. ಊಟ, ವಸತಿ, ವಿಮೆಗಳು ಸೇರಿದರೆ ಎರಡು ವರ್ಷಗಳಿಗೆ ಎರಡು ಲಕ್ಷ ಡಾಲರಿಗೂ ಮಿಕ್ಕು. ಡಾಲರಿಗೆ ೮೫ ರೂಪಾಯಿಯೆಂದು ಹಿಡಿದರೂ ಇದು ಎರಡು ಕೋಟಿ ರೂಪಾಯಿಯ ಸಮೀಪದ ಮಾತು. ಇದರಲ್ಲಿ ಒಂದು ಕೋಟಿಯನ್ನು ನೂರಕ್ಕೆ ಹನ್ನೊಂದರ ಬಡ್ಡಿಯಂತೆ ಸಾಲವಾಗಿ ತಂದು ಹತ್ತು ವರ್ಷಗಳಲ್ಲಿ ತೀರಿಸುವುದಾದರೆ ತಿಂಗಳ ಕಂತು ಸುಮಾರು ೧,೩೭,೭೫೦ ರೂಪಾಯಿ. ಓದುವ ಎರಡು ವರ್ಷಗಳಲ್ಲಿಯೂ ಬಡ್ಡಿ ಬೆಳೆಯುತ್ತಲೇ ಇರುತ್ತದೆ. ನಮ್ಮ ಬ್ಯಾಂಕುಗಳ ಮಾದರಿ ವಿದ್ಯಾಸಾಲ ಯೋಜನೆಯಂತೆ ಏಳೂವರೆ ಲಕ್ಷ ರೂಪಾಯಿಗಳನ್ನು ಮೀರಿದ ಸಾಲಕ್ಕೆ ಆಸ್ತಿಯ ಆಧಾರ ಬೇಕು. ಅಂದರೆ ಮನೆಯ ಅಥವಾ ಜಮೀನಿನ ಪತ್ರವು ಬ್ಯಾಂಕಿನ ತಿಜೋರಿಗೆ ಹೋಗುತ್ತದೆ.

ಆದುದರಿಂದ ಒಂದು ನಿಯಮವನ್ನು ನಾನು ಧೈರ್ಯವಾಗಿ ಹೇಳುತ್ತೇನೆ. ಹೊರದೇಶದ ಸಂಬಳವನ್ನು ನೆಚ್ಚಿ ಸಾಲದ ಲೆಕ್ಕ ಹಾಕಬಾರದು. ಅಲ್ಲಿ ಕೆಲಸಮಾಡುವ ಅನುಮತಿಯ ನಿಯಮಗಳು ಸರ್ಕಾರದಿಂದ ಸರ್ಕಾರಕ್ಕೆ ಬದಲಾಗುತ್ತವೆ. ಓದು ಮುಗಿಸಿ ಬೆಂಗಳೂರಿಗೋ ಮುಂಬಯಿಗೋ ಹಿಂದಿರುಗಿ ಬಂದರೆ ರೂಪಾಯಿಯ 'ಸಂಬಳದಲ್ಲಿ' ಈ ಕಂತು ತೀರುವುದೇ ಎಂದು ಕೇಳಿಕೊಳ್ಳಬೇಕು. ತೀರುವುದಾದರೆ ಹೋಗಬಹುದು. ತೀರದಿದ್ದರೆ ಸಾಲವನ್ನು ಕಿರಿದುಮಾಡುವ ದಾರಿ ಹುಡುಕಬೇಕು. ಆ ದಾರಿಗಳು ಇಲ್ಲದೆ ಇಲ್ಲ. ಹಾರ್ವರ್ಡಿನ ವಿದ್ಯಾರ್ಥಿವೇತನಗಳು ಅಂಕಕ್ಕಲ್ಲದೆ ಅಗತ್ಯಕ್ಕೆ ಕೊಡುವಂಥವು. ಸುಮಾರು ಅರ್ಧದಷ್ಟು ವಿದ್ಯಾರ್ಥಿಗಳು ಅದನ್ನು ಪಡೆಯುತ್ತಾರೆ. ಜಮ್‌ಷೆಟ್‌ಜಿ ಟಾಟಾ ಅವರು ೧೮೯೨ರಲ್ಲಿ ಸ್ಥಾಪಿಸಿದ ನಿಧಿ ಇಂದಿಗೂ ಹೊರದೇಶದ ಓದಿಗೆ ಸಾಲರೂಪದ ವೇತನ ಕೊಡುತ್ತದೆ. ತುಮಕೂರಿನಲ್ಲಿ ಹುಟ್ಟಿದ ವಿಜ್ಞಾನಿ ರಾಜಾ ರಾಮಣ್ಣನವರು ಲಂಡನ್ನಿನಲ್ಲಿ ಓದಿದ್ದು ಅದರ ನೆರವಿನಿಂದಲೇ. ಕೆ. ಸಿ. ಮಹೀಂದ್ರ ವಿದ್ಯಾನಿಧಿಯು ಬಡ್ಡಿಯಿಲ್ಲದ ಸಾಲ ಕೊಡುತ್ತದೆ. ಸ್ಟ್ಯಾನ್‌ಫರ್ಡಿನಲ್ಲಿ ಭಾರತೀಯರಿಗಾಗಿ ರಿಲಯನ್ಸ್ ಧೀರೂಭಾಯಿ ಹೆಸರಿನ ವೇತನವಿದೆ. ಓದಿದ ಮೇಲೆ ಭಾರತಕ್ಕೆ ಬಂದು ದುಡಿಯಬೇಕೆಂಬುದು ಅದರ ಷರತ್ತು. ಇನ್ಸಿಯಾಡಿನ ಪಾಠಕ್ರಮ ಹತ್ತೇ ತಿಂಗಳದಾದುದರಿಂದ ಸಂಬಳವಿಲ್ಲದೆ ಕಳೆಯುವ ಕಾಲವೂ ಕಡಮೆ.

ಇಷ್ಟಾಗಿಯೂ, ಹೋಗಲೇಬೇಕೆಂದು ಯಾರೂ ತಿಳಿಯಬೇಕಾಗಿಲ್ಲ. ತಂದೆಯ ವ್ಯಾಪಾರವನ್ನು ಊರಿನಲ್ಲಿಯೇ ಬೆಳೆಸಬೇಕೆಂಬವನಿಗೆ, ಮನೆಯೊಂದನ್ನು ಬಿಟ್ಟರೆ ಬೇರೆ ಆಧಾರವಿಲ್ಲದವನಿಗೆ, ಏನನ್ನು ಕಲಿಯಬೇಕೆಂಬುದು ಇನ್ನೂ ತೋಚದವನಿಗೆ ಎರಡು ಕೋಟಿಯ ಪದವಿ ಅಗತ್ಯವಲ್ಲ. ಬಸ್ರೂರಿನಿಂದ ಸುಮಾರು ಒಂದು ಗಂಟೆಯ ದಾರಿಯಲ್ಲಿ ಮಣಿಪಾಲವಿದೆ, ಬೆಂಗಳೂರಿನ ಐ.ಐ.ಎಂ. ಇದೆ. ಅರ್ಜಿ ಸಲ್ಲಿಸಿಯೂ ಸ್ಥಾನ ದೊರೆಯದೆ ಹೋದರೆ ಅದು ಯೋಗ್ಯತೆಯ ಮೇಲಿನ ತೀರ್ಪಲ್ಲ. ಹತ್ತು ಮಂದಿಯಲ್ಲಿ ಒಂಬತ್ತು ಮಂದಿಗೆ ಇಲ್ಲವೆನ್ನಲೇಬೇಕಾದ ಸಮಿತಿಯು ಯೋಗ್ಯರಿಗೂ ಇಲ್ಲವೆನ್ನುತ್ತದೆ. ಒಂದು ವರ್ಷ ದುಡಿದು, ಹೇಳಲು ಇನ್ನೊಂದು ಸಾಧನೆಯನ್ನು ಕೂಡಿಸಿಕೊಂಡು, ಮತ್ತೆ ಬರೆಯಬಹುದು. ಮರಳಿ ಬರೆದವರನ್ನು ಶಾಲೆಗಳು ತಿರಸ್ಕರಿಸುವುದಿಲ್ಲ.

ತಂದೆತಾಯಿಗಳಿಗೂ ಒಂದು ಬಿನ್ನಹ. ಮಗ ಅಥವಾ ಮಗಳು ಈ ಪ್ರಸ್ತಾಪವನ್ನು ತಂದಾಗ ಶಾಲೆಯ ಹೆಸರನ್ನು ಕೇಳಿ ಹಿಗ್ಗಿ ಪತ್ರವನ್ನು ಬ್ಯಾಂಕಿಗೆ ಒಯ್ಯಬೇಡಿ; ಮೊತ್ತವನ್ನು ಕೇಳಿ ಹೆದರಿ ಬಾಯಿ ಮುಚ್ಚಿಸಲೂ ಬೇಡಿ. ಎದುರಿಗೆ ಕುಳ್ಳಿರಿಸಿಕೊಂಡು ಆ ಮೂರು ಪ್ರಶ್ನೆಗಳನ್ನು ನೀವೇ ಮೊದಲು ಕೇಳಿ: ಇದುವರೆಗೆ ಏನು ಮಾಡಿದ್ದೀಯೆ, ನಿನ್ನ ಕೆಲಸವನ್ನು ಬಲ್ಲವರು ಯಾರು, ಅಲ್ಲಿಗೆ ಏನನ್ನು ಒಯ್ಯುತ್ತೀಯೆ. ನಾಲ್ಕನೆಯದಾಗಿ, ಸಾಲ ತೀರುವ ಬಗೆಯನ್ನು ಒಂದು ಹಾಳೆಯಲ್ಲಿ ಬರೆದು ತೋರಿಸು ಎನ್ನಿ. ಈ ನಾಲ್ಕಕ್ಕೂ ಮನೆಯ ಜಗಲಿಯಲ್ಲಿ ನೆಟ್ಟಗೆ ಉತ್ತರ ಹೇಳಬಲ್ಲವರು ಬಾಸ್ಟನ್ನಿನ ಸಮಿತಿಯ ಮುಂದೆಯೂ ಹೇಳಬಲ್ಲರು. ಪರದೇಶದ ವ್ಯಾಪಾರವಿದ್ಯಾಲಯಕ್ಕೆ ಬರೆಯುವ ಅರ್ಜಿಯು ಕೃಪೆಯನ್ನು ಬೇಡುವ ಬಿನ್ನವತ್ತಳೆಯಲ್ಲ. ಅದು ತನ್ನ ದುಡಿಮೆಯ ಲೆಕ್ಕವನ್ನು ಒಪ್ಪಿಸುವ ಕಾಗದ. ಲೆಕ್ಕ ಸರಿಯಾಗಿದ್ದರೆ ಅದನ್ನು ಒಪ್ಪಿಸುವುದಕ್ಕೆ ಅಳುಕಬೇಕಾಗಿಲ್ಲ.